ಭಂಡಾರ ಒಂದು, ಪೆಟ್ಟಿಗೆ ಎರಡು

ತಂತಿಯಣ್ಣನಿಗೆ ಕೆಲಸ ಗೊತ್ತಿಲ್ಲ ಎಂದು ಯಾರೂ ಹೇಳುತ್ತಿರಲಿಲ್ಲ. ಮೂವತ್ತು ವರ್ಷ ಬೇರೆಯವರ ಮೇಜಿನ ಕೆಳಗೆ ತೆವಳಿ, ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಂತಿ ಎಳೆದು, ಕೆಟ್ಟದ್ದನ್ನು ಸರಿಮಾಡಿ ಅವನು ಆ ಹೆಸರು ಸಂಪಾದಿಸಿದ್ದ. ದೂರು ಇದ್ದದ್ದು ಅವನ ಬಾಯಿಯ ಬಗ್ಗೆ. ಕೆಲಸ ಮುಗಿದ ಮೇಲೆ ಚೀಲ ಹೆಗಲಿಗೇರಿಸಿ ಸುಮ್ಮನೆ ಹೊರಡುವ ಜಾಯಮಾನ ಅವನದಲ್ಲ. ಯಾರು ಎಲ್ಲಿ ಏನು ಒತ್ತಿದ್ದರಿಂದ ಹೀಗಾಯಿತು ಎಂಬುದನ್ನು ಹತ್ತು ಜನರ ಎದುರು ಕಡ್ಡಿ ಮುರಿದಂತೆ ಹೇಳಿಯೇ ಹೊರಡಬೇಕು. ಹೀಗಾಗಿ ಅವನನ್ನು ಎರಡನೆಯ ಸಲ ಕರೆಯುವ ಮೊದಲು ಆಫೀಸಿನವರು ಎರಡು ದಿನ ಯೋಚನೆ ಮಾಡುತ್ತಿದ್ದರು.

ಆ ಶುಕ್ರವಾರ ಬೆಳಿಗ್ಗೆ ಕರೆ ಬಂದದ್ದು ಸಾಕ್ಷಾತ್ ಬೀಗಿತ್ತಿಯಿಂದ, ಅಂದರೆ ಮಗಳ ಅತ್ತೆಯಿಂದ. ಆಕೆಯದು ನಗರದ ಬಸ್ಸುಗಳ ವೇಳಾಪಟ್ಟಿ, ಮಾರ್ಗದ ನಕ್ಷೆ, ನಿಲ್ದಾಣಕ್ಕೆ ತೂಗುಹಾಕುವ ಫಲಕಗಳನ್ನು ಸಿದ್ಧಮಾಡಿ ಅಚ್ಚಿಗೆ ಕಳಿಸುವ ಆಫೀಸು. ಹನ್ನೊಂದು ಜನರ ಸಂಸಾರ. ಬೀಗಿತ್ತಿ ಫೋನಿನಲ್ಲಿ ಹೇಳಿದ್ದು ಎರಡೇ ಮಾತು: "ಬೀಗರೇ, ನಮ್ಮ ಕಂಪ್ಯೂಟರ್‌ಗಳಿಗೆ ಏನೋ ಆಗಿದೆ. ಬಿಡುವಿದ್ರೆ ಬನ್ನಿ."

ಅದಕ್ಕೂ ಮೊದಲೇ ಮಗಳ ಫೋನು ಬಂದಿತ್ತು.

"ಅಪ್ಪಾ, ಅತ್ತೆ ನಿನ್ನ ಕರೀತಾರೆ. ಹೋಗು, ಸರಿ ಮಾಡು, ಬಾ. ಯಾರ ತಪ್ಪು ಅಂತ ಮಾತ್ರ ಹೇಳೋಕೆ ಹೋಗ್ಬೇಡ."

"ನಾನ್ಯಾಕೆ ಹೇಳ್ಲಿ?"

"ನೀನು ಹೇಳ್ತೀಯಾ. ನಾನು ದಿನಾ ಅವರ ಜೊತೆ ಕೂತು ಊಟ ಮಾಡ್ಬೇಕು, ಅದು ನೆನಪಿರ್ಲಿ."

ಬೀಗಿತ್ತಿಗೂ ಅವನಿಗೂ ಜಗಳವೇನೂ ಇರಲಿಲ್ಲ. ಜಗಳವಾಡುವಷ್ಟು ಸಲಿಗೆಯೂ ಇರಲಿಲ್ಲ. ಮದುವೆಯಾಗಿ ಮೂರು ವರ್ಷವಾದರೂ ಇಬ್ಬರೂ ಹೊಸ ಬಟ್ಟೆಯ ಮಡಿಕೆ ಕೆಡದ ಹಾಗೆ ಮಾತಾಡುತ್ತಿದ್ದರು. ಮದುವೆಯ ದಿನ ಆಕೆ ಅವನಿಗೆ ಒಂದು ಸಂಗತಿಯನ್ನು ಬಿಡಿಸಿ ಬಿಡಿಸಿ ಹೇಳಿದ್ದುಂಟು. ಹಿಂದೊಮ್ಮೆ ಆಫೀಸಿನ ಆರು ಕಂಪ್ಯೂಟರುಗಳು ಫೈಲು ಇಡುವ ಪೆಟ್ಟಿಗೆಯನ್ನು ಗುರುತೇ ಹಿಡಿಯದೆ ಕೂತಾಗ, ಆಕೆ ಒಂದು ಪುಸ್ತಕ ಓದಿಕೊಂಡು, ಯಾರನ್ನೂ ಕರೆಯದೆ, ಒಂದೇ ಮಧ್ಯಾಹ್ನದಲ್ಲಿ ಆರನ್ನೂ ಸರಿಮಾಡಿದ್ದರಂತೆ. "ಇದೇನು ಮಹಾ ವಿದ್ಯೆನಾ ಬೀಗರೇ?" ಎಂದಿದ್ದರು. ಆ ಮಹಾವಿದ್ಯೆಯಿಂದಲೇ ಹೊಟ್ಟೆ ಹೊರೆಯುವ ತಂತಿಯಣ್ಣ ಅಂದು ಹಲ್ಲು ಕಚ್ಚಿ ನಕ್ಕಿದ್ದ.

ಆಫೀಸು ಕನ್ನಡಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಉದ್ದನೆಯ ಒಂದೇ ಕೋಣೆ. ಕಿಟಕಿಯ ಕಡೆ ನಕ್ಷೆ ಬರೆಯುವವರು, ಅವರ ಮುಂದೆ ನಾಲ್ಕು ಮ್ಯಾಕ್ ಕಂಪ್ಯೂಟರುಗಳು. ಗೋಡೆಯ ಕಡೆ ವೇಳಾಪಟ್ಟಿ ಕೂಡಿಸುವವರು ಮತ್ತು ಪ್ರೂಫ್ ತಿದ್ದುವವರು, ಅವರದು ಆರು ವಿಂಡೋಸ್. ಕೊನೆಯಲ್ಲಿ ಬಾಗಿಲಿಲ್ಲದ ಒಂದು ಗೂಡು. ಅದರೊಳಗೆ ಎಲ್ಲರ ಫೈಲುಗಳನ್ನು ಇಟ್ಟುಕೊಳ್ಳುವ ಲಿನಕ್ಸ್ ಪೆಟ್ಟಿಗೆ. ಅದಕ್ಕೆ 'ಭಂಡಾರ' ಎಂದು ಹೆಸರು. ಹನ್ನೊಂದು ಜನರೂ ಬೆಳಿಗ್ಗೆ ಭಂಡಾರ ತೆರೆದು ಕೆಲಸ ಶುರುಮಾಡಿ, ಸಂಜೆ ಭಂಡಾರಕ್ಕೇ ಹಾಕಿ ಮನೆಗೆ ಹೋಗುತ್ತಿದ್ದರು.

ತಂತಿಯಣ್ಣ ಒಳಗೆ ಕಾಲಿಟ್ಟಾಗ ಅಲ್ಲಿ ನಡೆಯುತ್ತಿದ್ದದ್ದು ಜಗಳ. ಒಂದು ಕಡೆ ಪ್ರೂಫ್ ತಿದ್ದುವ ಹಿರಿಯರು. ಅವರಿಗೆ ಆಫೀಸಿನಲ್ಲಿ ಅಲ್ಪವಿರಾಮ ಮೇಷ್ಟ್ರು ಎಂದು ಹೆಸರು, ಒಂದು ಅಲ್ಪವಿರಾಮ ಆಚೀಚೆಯಾದರೂ ಅವರಿಗೆ ನಿದ್ದೆ ಬರುವುದಿಲ್ಲವೆಂದು. ಇನ್ನೊಂದು ಕಡೆ ನಕ್ಷೆ ಅಕ್ಕ, ಮಾರ್ಗದ ನಕ್ಷೆಗಳನ್ನು ಹನ್ನೆರಡು ವರ್ಷದಿಂದ ಬರೆಯುತ್ತಿದ್ದ ಹೆಂಗಸು.

"ಹದಿನಾಲ್ಕನೇ ನಂಬರ್ ಬಸ್ಸು ಆರೂ ಹತ್ತಕ್ಕೆ ಅಂತ ನಾನು ಮೂರು ಸಲ ತಿದ್ದಿದೀನಿ. ಮೂರು ಸಲ!" ಎಂದರು ಮೇಷ್ಟ್ರು. "ಇವರು ಫಲಕ ಮಾಡುವಾಗ ಮತ್ತೆ ಆರೂ ಇಪ್ಪತ್ತು ಮಾಡಿಡ್ತಾರೆ."

"ನಾನ್ಯಾಕೆ ಮಾಡ್ಲಿ ಸಾರ್? ಆ ಬಸ್ಸು ಲೇಟಾಗಿ ಬಂದ್ರೆ ನನಗೇನು ಬಹುಮಾನ ಕೊಡ್ತಾರಾ? ಭಂಡಾರದಲ್ಲಿ ಏನಿದೆಯೋ ಅದನ್ನೇ ಹಾಕಿದೀನಿ."

"ಭಂಡಾರದಲ್ಲಿ ಆರೂ ಹತ್ತೇ ಇದೆ. ಬನ್ನಿ, ತೋರಿಸ್ತೀನಿ."

"ನೀವೇ ಬನ್ನಿ, ನಾನು ತೋರಿಸ್ತೀನಿ."

ಮೇಷ್ಟ್ರ ಪರದೆಯಲ್ಲಿ ಆರೂ ಹತ್ತೇ ಇತ್ತು. ನಕ್ಷೆ ಅಕ್ಕನ ಪರದೆಯಲ್ಲಿ ಆರೂ ಇಪ್ಪತ್ತೇ ಇತ್ತು. ಇಬ್ಬರೂ ತೆರೆದಿದ್ದದ್ದು ಒಂದೇ ಭಂಡಾರ, ಒಂದೇ ಫೈಲು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗೆ ನಾಲ್ಕು ದಿನದಿಂದ ಇದೇ ನಡೆದಿತ್ತು. ನೂರಾ ಹನ್ನೆರಡು ಮಾರ್ಗಗಳ ಹೊಸ ವೇಳಾಪಟ್ಟಿ ಮರುದಿನ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಬೀಗಿತ್ತಿ ತಮ್ಮ ಮೇಜಿನ ಹಿಂದೆ ಕನ್ನಡಕ ಕೈಯಲ್ಲಿ ಹಿಡಿದು ನಿಂತಿದ್ದರು. ಈ ಕೆಲಸದಿಂದ ನಕ್ಷೆ ಅಕ್ಕನನ್ನು ಬಿಡಿಸುವ ಯೋಚನೆ ಆಗಲೇ ಅವರ ತಲೆಗೆ ಬಂದಿದೆ ಎಂದು ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ನಕ್ಷೆ ಅಕ್ಕನಿಗೂ.

ಒಳ್ಳೆಯ ಮೆಕ್ಯಾನಿಕ್ ಆದವನು ಮೊದಲು ಕೈಗೆ ಕೆಲಸ ಕೊಡಬೇಕು. ತಂತಿಯಣ್ಣ ಬಾಯಿಗೆ ಕೊಟ್ಟ. ಅಷ್ಟು ಜನ ನೋಡುತ್ತಿದ್ದಾರೆ, ಬೀಗಿತ್ತಿ ನೋಡುತ್ತಿದ್ದಾರೆ. ಎರಡೇ ನಿಮಿಷಕ್ಕೆ ರೋಗ ಹಿಡಿದು ತೋರಿಸಿದರೆ ಎಷ್ಟು ಚೆಂದ ಎಂಬ ಆಸೆ.

"ಗೊತ್ತಾಯ್ತು ಬಿಡಿ," ಎಂದ ಅವನು. "ಈ ಮ್ಯಾಕ್ ಹಳೇ ಪ್ರತಿಯನ್ನ ತನ್ನ ಹತ್ರಾನೇ ಇಟ್ಕೊಂಡು ಕೂತಿದೆ. ಇವರು ಸರಿಯಾಗಿ ಮುಚ್ಚಿ ತೆರೆಯಲ್ಲ. ಅದೇ ಹಳೇದನ್ನ ಮತ್ತೆ ಮತ್ತೆ ಉಳಿಸ್ತಿದಾರೆ. ಯಂತ್ರದ್ದೇನೂ ಇಲ್ಲ, ಬಳಸೋರ ಅಭ್ಯಾಸ."

ಮೇಷ್ಟ್ರು 'ನಾನು ಹೇಳಲಿಲ್ಲವಾ' ಎಂಬಂತೆ ತಲೆಯಾಡಿಸಿದರು. ನಕ್ಷೆ ಅಕ್ಕ ಕುರ್ಚಿಯಿಂದ ಎದ್ದಳು, ಹೊಚ್ಚಿಕೊಂಡಿದ್ದ ಶಾಲನ್ನು ಕುರ್ಚಿಯ ಬೆನ್ನಿಗೆ ಹಾಕಿದಳು, "ನೀವೇ ಕೂತು ಸರಿಯಾಗಿ ಮುಚ್ಚಿ ತೆಗೀರಿ" ಎಂದು ಹೊರಗಿನ ಮೆಟ್ಟಿಲ ಕಡೆ ನಡೆದುಬಿಟ್ಟಳು.

ತಂತಿಯಣ್ಣ ಅವಳ ಕುರ್ಚಿಯಲ್ಲಿ ಕೂತ. ಮುಚ್ಚಿದ, ತೆರೆದ. ಆರೂ ಇಪ್ಪತ್ತು. ಕಂಪ್ಯೂಟರನ್ನೇ ಆರಿಸಿ ಹಚ್ಚಿದ. ಆರೂ ಇಪ್ಪತ್ತು. ಪಕ್ಕದ ಮ್ಯಾಕ್‌ನಲ್ಲಿ ನೋಡಿದ, ಅದರಾಚೆಯದರಲ್ಲಿ ನೋಡಿದ. ನಾಲ್ಕರಲ್ಲೂ ಆರೂ ಇಪ್ಪತ್ತು. ನಾಲ್ಕು ಜನರಿಗೂ ಒಂದೇ ಕೆಟ್ಟ ಅಭ್ಯಾಸ ಇರಲು ಸಾಧ್ಯವೇ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆಮೇಲೆ ಅವನು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದ. ಕಂಪ್ಯೂಟರುಗಳು ಒಂದನ್ನೊಂದು ಹುಡುಕುವುದು ಹೆಸರಿನಿಂದಲ್ಲ, ನಂಬರಿನಿಂದ. ಹೆಸರು ಮನುಷ್ಯರ ಅನುಕೂಲಕ್ಕೆ. ಭಂಡಾರ ಎಂದರೆ ಯಾವ ನಂಬರು ಎಂದು ಅವನು ಮ್ಯಾಕ್ ಅನ್ನು ಕೇಳಿದ. ಕೊನೆಯಲ್ಲಿ ಐವತ್ತೆರಡು ಇರುವ ನಂಬರು ಬಂತು. ಮೇಷ್ಟ್ರ ವಿಂಡೋಸ್ ಅನ್ನು ಅದೇ ಪ್ರಶ್ನೆ ಕೇಳಿದ. ಕೊನೆಯಲ್ಲಿ ಇಪ್ಪತ್ತು ಇರುವ ನಂಬರು ಬಂತು.

"ಮೇಷ್ಟ್ರೇ, ಇಲ್ಲಿ ಭಂಡಾರ ಎಷ್ಟಿವೆ?"

"ಒಂದೇ. ಗೂಡಲ್ಲಿದೆಯಲ್ಲ, ಹೊಸದು. ಎರಡು ವಾರ ಆಯ್ತು ಬಂದು."

"ಹಳೇದು?"

"ಅದೂ ಇದೆ, ಅಟ್ಟದ ಮೇಲೆ. ಒಂದು ತಿಂಗಳು ಓಡ್ತಾ ಇರ್ಲಿ, ಯಾವುದಕ್ಕೂ ಇರ್ಲಿ ಅಂದ್ರು ಮೇಡಂ."

ಬೀಗಿತ್ತಿ ದೂರದಿಂದಲೇ ಹೇಳಿದರು, "ಹೊಸದು ಕೊಟ್ಟೋರು ಹಳೇದರಲ್ಲಿದ್ದದ್ದನ್ನೆಲ್ಲಾ ಇದಕ್ಕೆ ತುಂಬಿಕೊಟ್ರು. ಹೆಸರೂ ಅದೇ ಇರ್ಲಿ, ಯಾರೂ ಹೊಸದಾಗಿ ಕಲಿಯೋದು ಬೇಡ ಅಂತ ನಾನೇ ಹೇಳ್ದೆ."

ತಂತಿಯಣ್ಣ ಏಣಿ ಹಾಕಿ ಅಟ್ಟ ನೋಡಿದ. ಮುರಿದ ಫಲಕಗಳ ನಡುವೆ ಹಳೆಯ ಪೆಟ್ಟಿಗೆ ಧೂಳು ಹೊದ್ದು, ಹಸಿರು ದೀಪ ಮಿಟುಕಿಸುತ್ತ ಶ್ರದ್ಧೆಯಿಂದ ಕೆಲಸ ಮಾಡುತ್ತಿತ್ತು.

ಅಲ್ಲಿಗೆ ಅರ್ಧ ಬಿಡಿಸಿದಂತಾಯಿತು. ಮ್ಯಾಕ್‌ಗಳು ಭಂಡಾರ ಬೇಕಾದಾಗ ಕೋಣೆಗೆ ಕೇಳುವಂತೆ ಕೂಗುತ್ತವೆ: ಭಂಡಾರ ಯಾರಪ್ಪಾ ಇಲ್ಲಿ? ಹೊಸ ಪೆಟ್ಟಿಗೆ ಆ ಕೂಗಿಗೆ ಓಗೊಡುತ್ತದೆ. ಹಳೆಯದು ಆ ಕೂಗು ಅರ್ಥವಾಗದಷ್ಟು ಮುದಿ. ಹಾಗಾದರೆ ವಿಂಡೋಸ್‌ನವು ಯಾಕೆ ಹಳೆಯದರ ಬಳಿಗೇ ಹೋಗುತ್ತಿವೆ? ಯಾರೋ ಅವಕ್ಕೆ ಹೇಳಿಕೊಟ್ಟಿರಬೇಕು. ಪ್ರತಿ ಕಂಪ್ಯೂಟರಿನ ಒಳಗೂ ಹೋಸ್ಟ್ಸ್ ಎಂಬ ಒಂದು ಸಣ್ಣ ಫೈಲು ಇರುತ್ತದೆ, ಜೇಬಿನಲ್ಲಿಟ್ಟ ಚೀಟಿಯ ಹಾಗೆ. ಇಂಥ ಹೆಸರಿಗೆ ಇಂಥ ನಂಬರು ಎಂದು ಅದರಲ್ಲಿ ಬರೆದಿಟ್ಟರೆ ಯಂತ್ರ ಬೇರೆ ಯಾರನ್ನೂ ಕೇಳುವುದಿಲ್ಲ. ಚೀಟಿಯೇ ವೇದವಾಕ್ಯ.

ಮೇಷ್ಟ್ರ ಯಂತ್ರದಲ್ಲಿ ಅವನು ಆ ಫೈಲು ತೆರೆದ. ಕೊನೆಯಲ್ಲಿ ಭಂಡಾರದ ಹೆಸರು, ಎದುರಿಗೆ ಇಪ್ಪತ್ತರ ನಂಬರು. ಅದರ ಮೇಲೊಂದು ಸಾಲು: 'ನಾನೇ ಬರೆದಿದ್ದೇನೆ. ಯಾರೂ ಮುಟ್ಟಬಾರದು.' ಕೆಳಗೆ ಒಂಬತ್ತು ವರ್ಷದ ಹಿಂದಿನ ತಾರೀಖು.

ಮದುವೆ ಮನೆಯ ಆ ಮಾತು, ಆರು ಕಂಪ್ಯೂಟರು, ಒಂದೇ ಮಧ್ಯಾಹ್ನ, ಎಲ್ಲ ಅವನ ಕಿವಿಯಲ್ಲಿ ಗುಂಯ್‌ಗುಟ್ಟಿತು.

ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಆರೂ ಯಂತ್ರಗಳಿಂದ ಆ ಸಾಲು ಅಳಿಸಲು ಹತ್ತು ನಿಮಿಷ ಸಾಕು. 'ನೆಟ್‌ವರ್ಕ್ ಸ್ವಲ್ಪ ಗೊಂದಲ ಮಾಡ್ಕೊಂಡಿತ್ತು, ಈಗ ಸರಿಹೋಯ್ತು' ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿ ಹೊರಟರೆ ಬೀಗಿತ್ತಿಯ ಮಾನ ಉಳಿಯುತ್ತದೆ, ಮಗಳ ಊಟದ ಮೇಜು ತಣ್ಣಗಿರುತ್ತದೆ, ತಂತಿಯಣ್ಣನೂ ಜನ್ಮದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡವನಾಗುತ್ತಾನೆ. ಆದರೆ ಆ ಶಾಲು ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಅವನು ಸುಮ್ಮನಿದ್ದರೆ, ಸರಿಯಾಗಿ ಮುಚ್ಚಿ ತೆರೆಯಲು ಬಾರದವಳು ಎಂಬ ಹಣೆಪಟ್ಟಿ ಆ ಹೆಂಗಸಿಗೆ ಖಾಯಂ. ಅದನ್ನು ಅಂಟಿಸಿದವನು ಅವನೇ.

ಮೊದಲು ಅವನು ಮೆಟ್ಟಿಲಿಗೆ ಹೋದ. ನಕ್ಷೆ ಅಕ್ಕ ಕೆಳಗಿನ ಅಂಗಡಿಯವರು ಕನ್ನಡಿಗಳನ್ನು ಗಾಡಿಗೆ ಏರಿಸುವುದನ್ನು ನೋಡುತ್ತ ಮೆಟ್ಟಿಲ ಮೇಲೆ ಕೂತಿದ್ದಳು.

"ಅಮ್ಮಾ, ನಾನು ಹೇಳಿದ್ದು ತಪ್ಪು. ನಿಮ್ಮದೇನೂ ತಪ್ಪಿಲ್ಲ. ನಿಮ್ಮ ಯಂತ್ರದ್ದೂ ಇಲ್ಲ."

ಅವಳು ತಿರುಗಿ ನೋಡಲಿಲ್ಲ. "ಇದನ್ನ ಇಲ್ಲಿ ಮೆಟ್ಟಿಲ ಮೇಲೆ ಹೇಳ್ತಿದೀರಾ. ಅದನ್ನ ಹತ್ತು ಜನರ ಮುಂದೆ ಹೇಳಿದ್ರಿ."

"ಹತ್ತು ಜನರ ಮುಂದೇನೇ ಹೇಳ್ತೀನಿ. ಕಾಲು ಗಂಟೆ ಸಮಯ ಕೊಡಿ."

ಆ ಕಾಲು ಗಂಟೆ ಯಾಕೆ ಬೇಕೆಂದು ಅವನು ಹೇಳಲಿಲ್ಲ. ಒಳಗೆ ಬಂದು ಬೀಗಿತ್ತಿಯ ಮೇಜಿನ ಬಳಿ ಬಗ್ಗಿ ಮೆಲ್ಲಗೆ ಹೇಳಿದ, "ಬೀಗಿತ್ತಿಯವರೇ, ಒಂದ್ನಿಮಿಷ ಗೂಡಿನ ಕಡೆ ಬರ್ತೀರಾ? ಒಬ್ರೇ."

ಗೂಡಿನಲ್ಲಿ, ಹೊಸ ಪೆಟ್ಟಿಗೆಯ ಗಾಳಿಯಂತ್ರದ ಸದ್ದಿನ ಪಕ್ಕ ನಿಂತು, ಅವನು ಎಲ್ಲವನ್ನೂ ಹೇಳಿದ. ಎರಡು ವಾರದಿಂದ ಗೋಡೆಯ ಕಡೆಯವರು ಅಟ್ಟದ ಭಂಡಾರದಲ್ಲಿ, ಕಿಟಕಿಯ ಕಡೆಯವರು ಗೂಡಿನ ಭಂಡಾರದಲ್ಲಿ ಕೆಲಸ ಮಾಡುತ್ತಿದ್ದಾರೆ. ಮೊದಲ ದಿನ ಎರಡರಲ್ಲೂ ಇದ್ದದ್ದು ಒಂದೇ ಆದ್ದರಿಂದ ಯಾರಿಗೂ ಅನುಮಾನ ಬಂದಿಲ್ಲ. ತಿದ್ದುಪಡಿ ಶುರುವಾದ ಮೇಲೆ ದಾರಿ ಬೇರೆಯಾಗಿದೆ. ಕಾರಣ, ಆ ಚೀಟಿ.

"ಯಾವ ಚೀಟಿ?"

"ನೀವು ಒಂಬತ್ತು ವರ್ಷದ ಹಿಂದೆ ಬರೆದದ್ದು."

ಬೀಗಿತ್ತಿ ಕನ್ನಡಕ ಹಾಕಿಕೊಂಡರು. ಅದು ಒಳ್ಳೆಯ ಲಕ್ಷಣವಲ್ಲ.

"ಒಂಬತ್ತು ವರ್ಷ ಒಂದು ತೊಂದರೆ ಕೊಡದೇ ಇದ್ದದ್ದು ಈಗ ಕೊಡ್ತಾ?"

"ಆಗ ಸರಿಯಾಗೇ ಬರೆದಿದೀರಿ. ಪೆಟ್ಟಿಗೆ ಬದಲಾಯ್ತು, ಚೀಟಿ ಬದಲಾಗ್ಲಿಲ್ಲ. ಅಷ್ಟೇ."

"ತೋರಿಸಿ."

ತೋರಿಸಿದ. ಮೇಷ್ಟ್ರ ಯಂತ್ರದಿಂದ ಭಂಡಾರದೊಳಗೆ 'ಪರೀಕ್ಷೆ' ಎಂಬ ಫೈಲು ಹಾಕಿದ. ನಕ್ಷೆ ಅಕ್ಕನ ಯಂತ್ರದಲ್ಲಿ ಅದರ ಸುಳಿವೇ ಇಲ್ಲ. ಬೀಗಿತ್ತಿ ನಂಬಲಿಲ್ಲ. ತಾವೇ ಕೂತು ಇನ್ನೊಂದು ಫೈಲು ಮಾಡಿ ಹಾಕಿದರು. ಅದೂ ಕಾಣಲಿಲ್ಲ. ಆಮೇಲೆ ಹೋಸ್ಟ್ಸ್ ತೆರೆಸಿ, ತಮ್ಮದೇ ಸಾಲನ್ನು, ತಮ್ಮದೇ ತಾರೀಖನ್ನು ಎರಡು ಸಲ ಓದಿದರು. ತಂತಿಯಣ್ಣ ಮನಸ್ಸಿನಲ್ಲೇ ಮಗಳ ಕ್ಷಮೆ ಕೇಳಿಕೊಂಡ.

"ಬೇರೆ ಯಾರಿಗಾದ್ರೂ ಹೇಳಿದೀರಾ?" ಎಂದು ಕೇಳಿದರು ಆಕೆ.

"ಇಲ್ಲ. ಆದ್ರೆ ಆ ಹೆಂಗಸಿನ ತಪ್ಪಲ್ಲ ಅಂತ ಎಲ್ಲರ ಮುಂದೆ ಹೇಳ್ಲೇಬೇಕು. ಯಾರದ್ದು ಅಂತ ನಾನು ಹೇಳಲ್ಲ. ಕೇಳಿದ್ರೆ ಹಳೇ ಪೆಟ್ಟಿಗೆ ಮೇಲೆ ಹಾಕ್ತೀನಿ, ಅದಕ್ಕೇನು ಬಾಯಿದೆಯಾ?"

ಬೀಗಿತ್ತಿ ಅವನನ್ನು ಒಂದು ಗಳಿಗೆ ದಿಟ್ಟಿಸಿದರು. "ನೀವು ಬಾಯಿ ಕಟ್ಕೊಂಡಿರೋದು ನೋಡೋಕೇ ಆಗ್ತಿಲ್ಲ ಬೀಗರೇ. ಉಬ್ಬಸ ಬಂದೋರ ಹಾಗೆ ಕಾಣ್ತೀರಾ." ಎಂದವರೇ ಕೋಣೆಯ ನಡುವೆ ಹೋಗಿ ಚಪ್ಪಾಳೆ ತಟ್ಟಿದರು. "ಎಲ್ಲಾ ಕೇಳಿ. ಮೆಟ್ಟಿಲಲ್ಲಿ ಕೂತಿರೋರನ್ನೂ ಕರೀರಿ."

ಆಕೆ ಸುತ್ತಿ ಬಳಸಿ ಮಾತಾಡಲಿಲ್ಲ. ಹಿಂದೆ ತಾವು ಬರೆದಿಟ್ಟದ್ದನ್ನು ಪೆಟ್ಟಿಗೆ ಬದಲಾದಾಗ ಮರೆತದ್ದು, ಅದರಿಂದ ಭಂಡಾರ ಎರಡಾದದ್ದು, ಎಲ್ಲ ಹೇಳಿದರು. ಕೊನೆಗೆ ನಕ್ಷೆ ಅಕ್ಕನ ಕಡೆ ತಿರುಗಿ, "ನಿಮ್ಮನ್ನ ಈ ಕೆಲಸದಿಂದ ತೆಗೀಬೇಕು ಅಂತ ನಿನ್ನೆ ಅಂದ್ಕೊಂಡಿದ್ದೆ. ತಪ್ಪಾಯ್ತು," ಎಂದರು.

"ನನ್ನದೂ ತಪ್ಪಾಯ್ತು," ಎಂದ ತಂತಿಯಣ್ಣ, ಎಲ್ಲರಿಗೂ ಕೇಳುವಂತೆ. "ನೋಡದೇ ಮಾತಾಡ್ದೆ. ಇವರು ಮುಚ್ಚೋದೂ ಸರಿ, ತೆರೆಯೋದೂ ಸರಿ."

ನಕ್ಷೆ ಅಕ್ಕ ಶಾಲು ಎತ್ತಿ ಹೊದ್ದುಕೊಂಡಳು. "ಹದಿನಾಲ್ಕನೇ ನಂಬರ್ ಆರೂ ಹತ್ತಕ್ಕಾ ಸಾರ್?" ಎಂದು ಮೇಷ್ಟ್ರನ್ನು ಕೇಳಿದಳು.

"ಆರೂ ಹತ್ತಕ್ಕಮ್ಮ," ಎಂದರು ಮೇಷ್ಟ್ರು, ನೆಲ ನೋಡುತ್ತ.

ಆಮೇಲಿನ ಕೆಲಸವೇ ದೊಡ್ಡದು. ಆ ಸಾಲನ್ನು ಅಳಿಸುವ ಹಕ್ಕು ತಮ್ಮದೇ ಎಂದು ಬೀಗಿತ್ತಿ ಹಟ ಹಿಡಿದು ಕೂತರು. ತಂತಿಯಣ್ಣ ಪಕ್ಕದಲ್ಲಿ ನಿಂತು ಹೇಳಿಕೊಟ್ಟ. ಅಳಿಸಿ ಉಳಿಸಲು ಹೋದರೆ ಯಂತ್ರ ನಿಮಗೆ ಅನುಮತಿ ಇಲ್ಲ ಎಂದಿತು.

"ನನ್ನ ಆಫೀಸಲ್ಲಿ ನನಗೇ ಅನುಮತಿ ಇಲ್ವಾ?"

"ಮೇಲಧಿಕಾರಿಯಾಗಿ ತೆರೀಬೇಕು, ಬೀಗಿತ್ತಿಯವರೇ. ಅಲ್ಲಿ ಬಲಗಡೆ ಒತ್ತಿ."

"ಒಂಬತ್ತು ವರ್ಷದ ಹಿಂದೆ ಇದಕ್ಕೆ ಇಷ್ಟು ಸೊಕ್ಕಿರ್ಲಿಲ್ಲ," ಎಂದು ಗೊಣಗುತ್ತ ಆಕೆ ಒತ್ತಿದರು. ಐದು ಯಂತ್ರಗಳು ಸರಾಗವಾಗಿ ಹೊಸ ಭಂಡಾರಕ್ಕೆ ಬಂದವು. ಆರನೆಯದು ಚೀಟಿ ಹರಿದ ಮೇಲೂ ಅಟ್ಟದ ಕಡೆಗೇ ಓಡಿತು. ಅದು ಹಳೆಯ ಪೆಟ್ಟಿಗೆಯೊಡನೆ ಬೆಳಿಗ್ಗೆ ಹಿಡಿದಿದ್ದ ಸಂಪರ್ಕವನ್ನು ಬಿಟ್ಟಿರಲಿಲ್ಲ. ಒಮ್ಮೆ ಆರಿಸಿ ಹಚ್ಚಿದ ಮೇಲೆ ದಾರಿಗೆ ಬಂತು. ಇನ್ನು ಮುಂದೆ ಮ್ಯಾಕ್ ಕೂಗುವುದೂ ಬೇಡ, ವಿಂಡೋಸ್ ಜೇಬು ತಡಕುವುದೂ ಬೇಡ ಎಂದು ತಂತಿಯಣ್ಣ, ಎಲ್ಲ ಯಂತ್ರಗಳ ಸಂಪರ್ಕವೂ ಬಂದು ಸೇರುವ ರೌಟರಿನಲ್ಲೇ ಹೆಸರುಗಳ ಒಂದು ಪಟ್ಟಿ ಮಾಡಿದ. ಭಂಡಾರಕ್ಕೆ ಬದಲಾಗದ ನಂಬರು ಕೊಟ್ಟು ಅದರಲ್ಲಿ ಬರೆದ. ಯಾವ ಜಾತಿಯ ಯಂತ್ರವಾದರೂ ಅಲ್ಲೇ ಕೇಳಲಿ, ಒಂದೇ ಉತ್ತರ ಪಡೆಯಲಿ. ಅಟ್ಟದ ಪೆಟ್ಟಿಗೆಗೆ ಬೇರೆ ಹೆಸರಿಡಬೇಕೆಂದಾಗ ಹನ್ನೊಂದು ಜನ ಹನ್ನೊಂದು ಹೆಸರು ಹೇಳಿದರು. ಕೊನೆಗೆ ಬೀಗಿತ್ತಿ 'ಅಜ್ಜ' ಎಂದು ಬರೆಸಿ ಚರ್ಚೆ ಮುಗಿಸಿದರು.

ಉಳಿದದ್ದು ಎರಡು ವಾರದ ತಿದ್ದುಪಡಿಗಳನ್ನು ಕೂಡಿಸುವುದು. ಒಂದು ಭಂಡಾರದಲ್ಲಿ ಸರಿಯಾದ ಸಮಯಗಳು, ಇನ್ನೊಂದರಲ್ಲಿ ಸರಿಯಾದ ನಕ್ಷೆಗಳು. ಮೇಷ್ಟ್ರು ತಮ್ಮ ಕುರ್ಚಿಯನ್ನು ಎಳೆದುಕೊಂಡು ಕಿಟಕಿಯ ಕಡೆ ಬಂದರು. ಹನ್ನೆರಡು ವರ್ಷದಲ್ಲಿ ಅವರು ಕೋಣೆ ದಾಟಿ ಆ ಕಡೆ ಕೂತದ್ದು ಅದೇ ಮೊದಲು. ಅವರು ಸಮಯ ಓದುವುದು, ನಕ್ಷೆ ಅಕ್ಕ ಹಾಕುವುದು. ಉಳಿದವರೂ ಇಬ್ಬಿಬ್ಬರಾಗಿ ಕೂತರು. ಎಪ್ಪತ್ತನೆಯ ಮಾರ್ಗಕ್ಕೆ ಬರುವಾಗ ಮೇಷ್ಟ್ರ ಗಂಟಲು ಕಟ್ಟಿತು. ತಂತಿಯಣ್ಣ ಹೊರಟಿದ್ದವನು ಚೀಲ ಇಳಿಸಿ, ಅವರ ಬದಲು ಓದತೊಡಗಿದ.

"ಆರೂ ಐವತ್ತೈದು, ಏಳೂ ಹದಿನೈದು, ಏಳೂ ಮೂವತ್ತೈದು..."

"ಅಲ್ಪವಿರಾಮದಲ್ಲಿ ನಿಲ್ಲಿಸಿ ಓದ್ರೀ," ಎಂದರು ಮೇಷ್ಟ್ರು, ಇದ್ದ ಸ್ವಲ್ಪ ದನಿಯಲ್ಲೇ.

ಸಂಜೆ ಆರು ಹೊಡೆಯುವಾಗ ನೂರಾ ಹನ್ನೆರಡೂ ಮುಗಿದವು. ಬೀಗಿತ್ತಿ ಎಲ್ಲರಿಗೂ ಕಾಫಿ ತರಿಸಿದರು. ತಂತಿಯಣ್ಣನ ಲೋಟವನ್ನು ತಾವೇ ತಂದು ಕೊಟ್ಟು, ಪಕ್ಕದ ಕುರ್ಚಿಯಲ್ಲಿ ಕೂತು, ರೌಟರಿನ ಆ ಪಟ್ಟಿಯನ್ನು ಇನ್ನೊಮ್ಮೆ ಬಿಡಿಸಿ ಹೇಳಿ ಎಂದರು. ಅವನು ಹೇಳಿದ. ಆಕೆ ಮಧ್ಯೆ ಬಾಯಿ ಹಾಕಿ ಕೇಳಿದರು, ಅವನು ಬೈದಂತೆ ಉತ್ತರ ಕೊಟ್ಟ, ಆಕೆಯೂ ಬೈದಂತೆ ಮತ್ತೆ ಕೇಳಿದರು. ಅರ್ಧ ಗಂಟೆಯ ಮೇಲೆ ಇಬ್ಬರಿಗೂ ಒಟ್ಟಿಗೇ ಹೊಳೆಯಿತು, ತಾವು ಜೋರಾಗಿ ವಾದ ಮಾಡುತ್ತಿದ್ದೇವೆಂದು. ಇಬ್ಬರೂ ನಿಲ್ಲಿಸಲಿಲ್ಲ.

ಮುಂದಿನ ವಾರ ಫಲಕಗಳು ನಿಲ್ದಾಣಗಳಿಗೆ ಏರಿದವು. ನೂರಾ ಹನ್ನೆರಡರಲ್ಲಿ ಒಂದು ತಪ್ಪು ಸಿಕ್ಕಿತು. ನಲವತ್ತಾರನೆಯ ಮಾರ್ಗದ ಭಾನುವಾರದ ಕೊನೆಯ ಬಸ್ಸು ಬಿಟ್ಟುಹೋಗಿತ್ತು. ಭಂಡಾರದಲ್ಲಿ ನೋಡಿದರೆ ಎಲ್ಲರ ಪರದೆಯಲ್ಲೂ ಅದು ಬಿಟ್ಟೇ ಹೋಗಿತ್ತು. ಅಲ್ಪವಿರಾಮ ಮೇಷ್ಟ್ರು ಕನ್ನಡಕ ಒರೆಸಿ ಮೂರು ಸಲ ನೋಡಿ, ಇದು ನನ್ನ ಕಣ್ತಪ್ಪೇ ಎಂದು ಒಪ್ಪಿಕೊಂಡರು. ನಕ್ಷೆ ಅಕ್ಕ ಅಂದೇ ಹೊಸ ಫಲಕ ಮಾಡಿ, ಮೇಷ್ಟ್ರನ್ನೂ ಕರೆದುಕೊಂಡು ಹೋಗಿ ನಿಲ್ದಾಣದಲ್ಲಿ ತೂಗುಹಾಕಿ ಬಂದಳು.